ಬಾಯಿ ಮುಚ್ಚಿಸಿದ ಲಾಗರ್

ಬಾಯಿ ಬಿಡದ ಕಂಪ್ಯೂಟರ್ರೇ ಮರ್ಯಾದಸ್ಥ ಕಂಪ್ಯೂಟರ್ ಎಂದು ಉಪ್ಪಾರಹಳ್ಳಿಯ ರೇಣುಕಾಪ್ರಸಾದರು ಬಲವಾಗಿ ನಂಬಿದ್ದರು. ಹಳ್ಳಿ ಡೇರಿಗಳಿಗೆ ಹಾಲು ಪರೀಕ್ಷಿಸುವ ಸಾಫ್ಟ್‌ವೇರ್ ಮಾಡಿ ಮಾರುವವರು ಅವರು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಭೂಮಿಕಾ ಅದರ ಜಾವಾಸ್ಕ್ರಿಪ್ಟಿಗೆ ಒಂದು ಪುಟ್ಟ ಲಾಗರ್ ಲೈಬ್ರರಿ ಸೇರಿಸಿದ್ದೇ ತಪ್ಪಾಯಿತು. ಪ್ರೋಗ್ರಾಂ ಏನು ಮಾಡಿತು, ಎಲ್ಲಿ ಎಡವಿತು ಎಂದು ಅದು ಪರದೆಯ ಮೂಲೆಯಲ್ಲಿ ಸಾಲಾಗಿ ಬರೆಯುತ್ತದೆ, ಎಡವಿದ್ದನ್ನು ಕೆಂಪಕ್ಷರದಲ್ಲಿ.

"ಗಿರಾಕಿ ಮುಂದೆ ಇಷ್ಟೊಂದು ಕೆಂಪಾ? ಶುಭಕಾರ್ಯದಲ್ಲಿ ಸೀನ್ದಂಗೆ! ಸೈಲೆಂಟ್‌ಗೆ ಹಾಕಮ್ಮ," ಅಂದರು ರೇಣುಕಾಪ್ರಸಾದರು.

"ಸಾರ್, ಯಂತ್ರ ಹಾಲು ಓದ್ದೇ ಇದ್ರೆ ಗೊತ್ತಾಗಲ್ಲ."

"ಹಳೇ ನಂಬರ್ರೇ ತೋರ್ಸುತ್ತಲ್ಲ, ಸಾಕು ಬಿಡು. ಖಾಲಿ ಪರದೆ ಅಪಶಕುನ."

ಹೊಸ ಕೆಲಸ, ಎದುರಾಡುವಂತಿಲ್ಲ. ಭೂಮಿಕಾ ಕೋಡಿನಲ್ಲಿ 'ಸೈಲೆಂಟ್' ಎಂದು ಒಂದು ಪದ ಸೇರಿಸಿದಳು, ಲಾಗರ್ ತೆಪ್ಪಗಾಯಿತು.

ತಿಂಗಳಾಗುವಷ್ಟರಲ್ಲಿ ಗುಬ್ಬಿ ದಾರಿಯ ಒಂದು ಹಳ್ಳಿಯಿಂದ ಕರೆ ಬಂತು. ರಂಗಲಕ್ಷ್ಮಮ್ಮ ಎಂಬಾಕೆಯ ಎಮ್ಮೆ ಹಾಲಿನಲ್ಲಿ ಎರಡು ದಿನದಿಂದ ನೀರು ತೋರಿಸುತ್ತಿದೆ. ಮೂರನೆಯ ದಿನವೂ ತೋರಿಸಿದರೆ ಡೇರಿಯಿಂದ ಹೆಸರು ಹೊಡೆದುಹಾಕುತ್ತಾರೆ. ಆಕೆಯೋ ಯಂತ್ರವೇ ಸುಳ್ಳು ಅನ್ನುತ್ತಾಳೆ, ಯಾರಾದರೂ ಬಂದು ಬಾಯಿ ಮುಚ್ಚಿಸಿ. ರೇಣುಕಾಪ್ರಸಾದರು ಭೂಮಿಕಾಳನ್ನೇ ಕಳಿಸಿದರು. ಬಾಯಿ ಮುಚ್ಚಿಸಿ ಅನುಭವವಿತ್ತಲ್ಲ!

ಬೆಳಿಗ್ಗೆ ಆರಕ್ಕೇ ಡೇರಿ ಮುಂದೆ ಸಾಲು. ವಾಡಿಕೆಯಂತೆ ಅಧ್ಯಕ್ಷ ಶಿವರಾಮಯ್ಯನವರ ಕ್ಯಾನು ಮೊದಲು. ಆಗ ಪರದೆಯನ್ನಾಗಲಿ, ಅಳತೆ ಅಚ್ಚಾಗಿ ಬಂದ ಅವರ ಚೀಟಿಯನ್ನಾಗಲಿ ನೋಡುವ ಧೈರ್ಯ ಯಾರಿಗಿದೆ? ಚೀಟಿ ನೇರ ಅವರ ಜೇಬಿಗಿಳಿಯಿತು. ಡೇರಿ ಪಕ್ಕದ ಮನೆಯ ರಂಗಲಕ್ಷ್ಮಮ್ಮ ಎಂದಿನಂತೆ ಎರಡನೆಯವಳು. ಪರದೆ ತೋರಿಸಿತು: ನೀರು, ನೂರಕ್ಕೆ ಹದಿನೆಂಟು.

"ನೋಡಿದ್ರಾ? ಕಂಪ್ಯೂಟರ್ ಸುಳ್ಳು ಹೇಳ್ತದಾ?" ಅಂದರು ಶಿವರಾಮಯ್ಯ.

"ನಮ್ಮತ್ತೆ ಕಾಲ್ದಿಂದ ಹಾಲು ಹಾಕ್ತಿದೀವಿ ಕಣವ್ವ." ಮುದುಕಿ ಭೂಮಿಕಾಳತ್ತ ತಿರುಗಿದಳು. "ಊರಲ್ಲಿ ತಲೆ ಎತ್ತಂಗಿಲ್ಲ. ನೀನೇ ನೋಡ್ಬುಟ್ಟು ಹೇಳು."

ಭೂಮಿಕಾಗೆ ತಾನು ಬಾಯಿ ಮುಚ್ಚಿಸಿದ ಲಾಗರ್ ನೆನಪಾಯಿತು. ಈ ಮುದುಕಿಗೆ ಕಳಂಕ ಹಚ್ಚಿದವಳು ತಾನೇ. ಹಾಳಾಗಿ ಹೋಗಲಿ ಕೆಲಸ! ಆ ಒಂದು ಪದ ಅಳಿಸಿ, ಅದೇ ಹಾಲನ್ನು ಮತ್ತೆ ಯಂತ್ರಕ್ಕಿಟ್ಟಳು. ಕೆಂಪು ಸಾಲು ಮೂಡಿತು. ಅಕ್ಷರ ಬಲ್ಲವರೆಲ್ಲ ಗಟ್ಟಿಯಾಗಿ ಓದಿದರು: "ಹಾಲು ಮಿತಿಗಿಂತ ಗಟ್ಟಿ. ಅಳತೆ ಸಿಗಲಿಲ್ಲ. ಹಿಂದಿನವರ ಅಳತೆಯನ್ನೇ ತೋರಿಸಲಾಗಿದೆ."

"ಹಿಂದಿನೋರು ಯಾರು?" ಸಾಲಿನಲ್ಲಿ ಯಾರೋ ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಶಿವರಾಮಯ್ಯನವರ ಕೈ ಜೇಬಿನ ಚೀಟಿಗೆ ಹೋಯಿತು. "ಮೊದ್ಲು ಅದ್ನ ಸೈಲೆಂಟ್‌ಗೆ ಹಾಕಮ್ಮ," ಅಂದರು.

ರಂಗಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕ್ಯಾನು ಎತ್ತಿಕೊಂಡಳು.

"ನಾಳೆಯಿಂದ ನನ್ ಹಾಲು ಮೊದ್ಲು ಹಾಕ್ರಪ್ಪ. ಅಧ್ಯಕ್ಷರ ನೀರು ನಂಗ್ ಬ್ಯಾಡ."