ಎರಡು ಮನೆಯ ಮ್ಯಾಕ್

ನಾನು ಒಂದು ಲ್ಯಾಪ್‌ಟಾಪ್. ಮ್ಯಾಕ್ ಎನ್ನುವ ಜಾತಿ ನಮ್ಮದು. ನನ್ನ ಬೆನ್ನ ಮೇಲೆ ಕಪ್ಪು ಮಾರ್ಕರ್ ಪೆನ್ನಿನಿಂದ ‘ಗುಜರಿ’ ಎಂದು ಬರೆದಿದ್ದಾರೆ, ದೂರದಿಂದಲೇ ಕಾಣುವಷ್ಟು ದಪ್ಪ ಅಕ್ಷರದಲ್ಲಿ. ಇರಲಿ. ಇವತ್ತು ಬೆಳಿಗ್ಗೆಯೂ ನಾನು ಕೆಲಸ ಮಾಡಿದ್ದೇನೆ. ಬೆನ್ನು ಓದುವವರು ನನ್ನ ಮಾತನ್ನೂ ಸ್ವಲ್ಪ ಕೇಳಲಿ.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ಗಟ್ಟಿಯೊಂದನ್ನು ಕೊರೆದು ನನ್ನ ಮೈ ಮಾಡಿದರು. ಮಿದುಳಿನ ಜಾಗದಲ್ಲಿ ಒಂದು ಚಿಪ್ ಕೂರಿಸಿದರು. ಆಗೆಲ್ಲ ವಿಂಡೋಸ್ ಕಂಪ್ಯೂಟರುಗಳಿಗೂ ಅದೇ ತಳಿಯ ಚಿಪ್ ಹಾಕುತ್ತಿದ್ದರು. ಅದನ್ನು ಯಾರೂ ದೊಡ್ಡ ಸಂಗತಿ ಮಾಡಲಿಲ್ಲ. ಮುಂದೆ ನನ್ನ ಜೀವ ಉಳಿಸಿದ್ದು ಅದೇ.

ನನ್ನ ಮೊದಲ ಯಜಮಾನ ಕೊಪ್ಪಳದ ಗವಿಸಿದ್ದಪ್ಪ. ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಫೋಟೊ ಸ್ಟುಡಿಯೊ. ಗಿರಾಕಿಗಳ ಕಣ್ಣಿಗೆ ಮೇಜಿನ ಮೇಲೆ ಬೆಳ್ಳಗೆ ಹೊಳೆಯುವ ಯಂತ್ರವೊಂದು ಬೀಳಲಿ ಎಂದು ನನ್ನನ್ನು ತಂದಿದ್ದ. ಮದುವೆ ಆಲ್ಬಂ ಜೋಡಿಸುವ ಅವನ ಪ್ರೋಗ್ರಾಂ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆಂದು ತಂದ ಮೇಲೆ ತಿಳಿಯಿತು. ಮೂರು ದಿನ ಅವನು ನನ್ನನ್ನು ಬರೀ ಒರೆಸಿ ಒರೆಸಿ ಇಡುವುದನ್ನು ನೋಡಿ ಹೆಂಡತಿ ಕೇಳಿದಳು, “ಪೂಜಿ ಮಾಡಾಕ ತಂದೀರೇನು ಇದನ್ನ? ಹಂಗಾರ ದೇವರ ಜಗಲಿ ಮ್ಯಾಲರ ಇಡ್ರಿ, ಊದಿನಕಡ್ಡಿ ಹಚ್ಚತೀನಿ.”

ಅವನಿಗೆ ಹಟ ಬಂತು. ನನ್ನ ಹೊಟ್ಟೆಯ ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ. ಒಂದರಲ್ಲಿ ಮ್ಯಾಕ್, ಇನ್ನೊಂದರಲ್ಲಿ ವಿಂಡೋಸ್. ಸ್ವಿಚ್ ಒತ್ತಿದ ಕೂಡಲೇ ಕೀಬೋರ್ಡಿನ ಕೆಳಸಾಲಿನ ಆಪ್ಷನ್ ಕೀ ಹಿಡಿದುಕೊಂಡರೆ ಎರಡೂ ಮನೆಯ ಬಾಗಿಲುಗಳು ಪರದೆಯ ಮೇಲೆ ಬರುತ್ತವೆ. ಬೇಕಾದ ಬಾಗಿಲು ಆರಿಸಿಕೊಳ್ಳಬೇಕು. ಹಾಗೆ ಐದು ವರ್ಷ ನಾನು ಮದುವೆಗಳನ್ನು ಜೋಡಿಸಿದೆ. ಮದುಮಕ್ಕಳ ಮುಖ ಬೆಳ್ಳಗೆ ಮಾಡಿದೆ. ಊಟದ ಪಂಕ್ತಿಯಲ್ಲಿ ಸಿಟ್ಟಾಗಿ ಕೂತ ಬೀಗರನ್ನು ಅಂಚಿಗೆ ಸರಿಸಿದೆ.

ಆಮೇಲೆ ಅವನು ದೊಡ್ಡ ಯಂತ್ರ ಕೊಂಡು, ನನ್ನನ್ನು ಊರ ಹೊರಗಿನ ಲೈನ್‌ಮನ್ ತರಬೇತಿ ಕೇಂದ್ರಕ್ಕೆ ದಾಟಿಸಿದ. ಕರೆಂಟಿನ ಕಂಬ ಹತ್ತುವ ಕೆಲಸ ಕಲಿಸುವ ಜಾಗ ಅದು. ನನ್ನನ್ನು ಅವನು ಒಪ್ಪಿಸಿದ್ದು ಅಲ್ಲಿ ಚಹಾ ಮಾಡುತ್ತಿದ್ದ ಹುಲಿಗೆಮ್ಮನ ಕೈಗೆ. ಯಾಕೆಂದರೆ ಆ ಹೊತ್ತಿಗೆ ಕಚೇರಿಯಲ್ಲಿ ಇದ್ದವಳು ಅವಳೊಬ್ಬಳೇ. “ಈ ಕೀ ಹಿಡ್ಕೊಂಡು ಸ್ವಿಚ್ ಹಾಕಬೇಕ್ರಿ ಅಕ್ಕಾರ. ಇದನ್ನ ಮರತ್ರ ಕೆಲಸ ಕೆಟ್ಟಂಗ,” ಎಂದ. ಅವಳು ಮರೆಯಲಿಲ್ಲ. ಬೇರೆ ಯಾರೂ ಅದನ್ನು ಕೇಳಲೂ ಇಲ್ಲ.

ಹುಲಿಗೆಮ್ಮ ಅಕ್ಷರ ಕಲಿತಿದ್ದೇ ನಲವತ್ತು ದಾಟಿದ ಮೇಲೆ, ಸಂಜೆ ಶಾಲೆಯಲ್ಲಿ. ತಡವಾಗಿ ಕಲಿತವರ ಓದು ಬೇರೆ. ಅವರು ಒಂದು ಸಾಲನ್ನೂ ಹಾರಿಸುವುದಿಲ್ಲ. ಪರದೆಯ ಮೇಲೆ ಬಂದದ್ದನ್ನೆಲ್ಲ ಅವಳು ಬೆರಳಿಟ್ಟು ಓದುತ್ತಿದ್ದಳು, ಅರ್ಥವಾಗುವ ತನಕ ಮುಂದೆ ಹೋಗುತ್ತಿರಲಿಲ್ಲ. ಪಾಠ ಕಟ್ಟುವ ಪ್ರೋಗ್ರಾಮನ್ನು ಅವಳು ಹಾಗೆಯೇ ಕಲಿತಳು. ಒಂದು ಚಿತ್ರ, ಅದರ ಮೇಲೆ ದನಿ, ಕೊನೆಗೊಂದು ಪ್ರಶ್ನೆ. ಹೀಗೆ ಹನ್ನೆರಡು ಪಾಠ ಕಟ್ಟಿದಳು. ಕಟ್ಟಿ ಮುಗಿದ ಪಾಠ ಯಾವ ಕಂಪ್ಯೂಟರಿನಲ್ಲೂ ಓಡುತ್ತದೆ, ಕಟ್ಟಲು ಮತ್ತು ತಿದ್ದಲು ಮಾತ್ರ ಆ ಪ್ರೋಗ್ರಾಮೇ ಬೇಕು. ಅದೂ ವಿಂಡೋಸ್ ಮನೆಯದೇ. ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿತ್ತು.

ಪಾಠದ ದನಿ ಅವಳ ಗಂಡ ಯಮನೂರಪ್ಪನದು. ಅವನು ಅಲ್ಲಿ ಮೇಷ್ಟ್ರು. ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಹದಿನೆಂಟು ವರ್ಷದ ಹಿಂದೆ, ಬಂದ್ ಆಗಿದೆ ಎಂದು ಯಾರೋ ಹೇಳಿದ ಲೈನಿನಲ್ಲಿ ಕರೆಂಟು ಇತ್ತು. ಪಾಠದಲ್ಲಿ ಯಾರಾದರೂ ತಪ್ಪು ಉತ್ತರ ಒತ್ತಿದರೆ ಅವನ ದನಿ ಬರುತ್ತದೆ: “ತಪ್ಪು. ಕೆಳಗಿಳಿ. ಮೊದಲಿಂದ ಹತ್ತು.” ಇನ್ನೂ ಕಂಬ ಮುಟ್ಟದ ಹುಡುಗರು ಆ ದನಿಗೆ ಕುರ್ಚಿಯಿಂದಲೇ ಏಳುವುದನ್ನು ನಾನು ನೋಡಿದ್ದೇನೆ.

ಬೆಳಿಗ್ಗೆ ನನ್ನನ್ನು ಎಬ್ಬಿಸುವವರು ಇಬ್ಬರೂ ಸೇರಿ. ಅವನು ಎಡಗೈಯಿಂದ ಸ್ವಿಚ್ ಒತ್ತುತ್ತಾನೆ, ಅವಳು ಕೀ ಹಿಡಿಯುತ್ತಾಳೆ. ಒಬ್ಬರೇ ಮಾಡಬಹುದಾದ ಕೆಲಸ ಅದು. ಒಬ್ಬರೇ ಮಾಡಿದ್ದು ಮಾತ್ರ ನಾನು ಕಾಣೆ. ಆ ಕೀ ಮೇಲಿನ ಅಕ್ಷರ ಅಳಿಸಿ, ನಡುವೆ ಅವಳ ಹೆಬ್ಬೆರಳಿನಷ್ಟು ಹಳ್ಳ ಬಿದ್ದಿದೆ.

ಏಳು ವರ್ಷ ಹೀಗೆ ನಡೆಯಿತು. ಆಮೇಲೆ ನನ್ನ ಬ್ಯಾಟರಿ ಉಬ್ಬಿತು. ಮೇಜಿನ ಮೇಲೆ ಇಟ್ಟರೆ ಮಗುಚಿದ ಬಾಣಲೆಯಂತೆ ಅಲ್ಲಾಡತೊಡಗಿದೆ. ಕಾರ್ಯದರ್ಶಿ ಮಹಾಂತಯ್ಯನವರು ಅದನ್ನು ನೋಡಿ ದಾನಿಗಳಿಗೆ ಪತ್ರ ಬರೆದರು. ಮೂರು ಹೊಸ ಕಂಪ್ಯೂಟರ್ ಕೊಡಿಸಲು ಅವರು ಒಪ್ಪಿದರು. ಯಾವುದು ತರೋಣ ಎಂಬ ಪ್ರಶ್ನೆ ಬಂದಾಗ ಮಹಾಂತಯ್ಯನವರು ಮರುಯೋಚನೆ ಮಾಡಲಿಲ್ಲ. “ನಮ್ಮ ಪಾಠ ಏಳು ವರ್ಷದಿಂದ ಮ್ಯಾಕ್‌ನ್ಯಾಗ ನಡದೈತಿ. ಮ್ಯಾಕೇ ತರಬೇಕು,” ಎಂದರು.

ನನ್ನ ಮೇಲಿನ ನಂಬಿಕೆಯಿಂದ ಮಾಡಿದ ತಪ್ಪು ಅದು. ಆದ್ದರಿಂದ ಬೈಯಲಾರೆ. ನನ್ನ ಹೊಟ್ಟೆಯಲ್ಲಿ ಎರಡು ಮನೆ ಇರುವುದು ಅವರಿಗೆ ಗೊತ್ತಿರಲಿಲ್ಲ. ಹುಲಿಗೆಮ್ಮನನ್ನು ಕೇಳಿದ್ದರೆ ಹೇಳುತ್ತಿದ್ದಳು. ಚಹಾ ತಂದಿಡುವವಳನ್ನು ಇಂಥದ್ದು ಯಾರು ಕೇಳುತ್ತಾರೆ?

ಮೂವರು ಹೊಸಬರು ಬಂದರು. ತೆಳ್ಳಗೆ, ತಣ್ಣಗೆ, ಸದ್ದಿಲ್ಲದೆ. ಮಹಾಂತಯ್ಯನವರು ನನ್ನ ಬೆನ್ನ ಮೇಲೆ ಆ ಅಕ್ಷರ ಬರೆದು ಬೀರುವಿನ ಮೇಲಿಟ್ಟರು. ಶನಿವಾರ ಸಂಜೆ ಗುಜರಿ ಗಾಡಿ ಬರುವುದಿತ್ತು. ಸೋಮವಾರ ನಲವತ್ತು ಜನರ ಹೊಸ ತಂಡ, ಜೊತೆಗೆ ದಾನಿಗಳು.

ಗುರುವಾರ ಯಮನೂರಪ್ಪನಿಗೆ ಒಂದು ಫೋನು ಬಂತು. ಹೋದ ವರ್ಷ ಕಲಿತು ಹೋದ ಈರಣ್ಣ ಎಂಬುವನು ಕುಷ್ಟಗಿಯ ಆಸ್ಪತ್ರೆಯಿಂದ ಮಾತಾಡುತ್ತಿದ್ದ. ಅಂಗೈ ಸುಟ್ಟಿತ್ತು. ಸೊಂಟದ ಬೆಲ್ಟ್ ಹಿಡಿದಿದ್ದರಿಂದ ಉಳಿದಿದ್ದ. “ಪಾಠದಾಗ ಹೇಳಿದಂಗ ಲೈನ್ ಬಂದ್ ಮಾಡಿಸಿ, ಟಿಸಿ ಕಡೆ ಅರ್ಥ್ ರಾಡ್ ಹಾಕಿದ್ನಿರಿ ಸರ್. ಕರೆಂಟು ಆ ಕಡೆಯಿಂದ ಬರಲಿಲ್ರಿ. ಕಲ್ಯಾಣ ಮಂಟಪದಾಗ ಜನರೇಟರ್ ಹಚ್ಚಿದ್ರು. ಈ ಕಡೆಯಿಂದ ಬಂತು.”

ಅರ್ಥ್ ರಾಡ್ ಎಂದರೆ ತಂತಿಯಲ್ಲಿ ಬರುವ ಕರೆಂಟನ್ನು ನೆಲಕ್ಕೆ ಇಳಿಸುವ ಸರಳು. ಏಳನೇ ಪಾಠ ಕಟ್ಟಿದಾಗ ಊರಿನಲ್ಲಿ ಇದ್ದದ್ದೇ ಎರಡು ಜನರೇಟರ್. ಟಿಸಿ ಕಡೆ, ಅಂದರೆ ಟ್ರಾನ್ಸ್‌ಫಾರ್ಮರ್ ಕಡೆ, ಒಂದು ರಾಡ್ ಹಾಕಿದರೆ ಸಾಕು ಎಂದು ಪಾಠ ಹೇಳುತ್ತಿತ್ತು. ಈಗ ಅಂಗಡಿಗೊಂದು ಜನರೇಟರ್. ಸ್ವಿಚ್ ಸರಿಯಿಲ್ಲದಿದ್ದರೆ ಅದರ ಕರೆಂಟು ಹಿಂದಕ್ಕೆ ಹರಿದು ಕಂಬಕ್ಕೆ ಬರುತ್ತದೆ.

ಯಮನೂರಪ್ಪ ಫೋನು ಇಟ್ಟ. “ಒಂದ ಕಡೆ ಸಾಕು ಅಂತ ನನ್ನ ದನೀನ ಹೇಳೈತಿ ಅವಗ,” ಎಂದ. “ಸೋಮವಾರದ ಹುಡುಗರಿಗೂ ಹೇಳತೈತಿ.”

“ಹೇಳಂಗಿಲ್ಲ, ಏಳ್ರಿ. ತಿದ್ದೋಣ,” ಎಂದಳು ಹುಲಿಗೆಮ್ಮ.

ಹೊಸ ಮ್ಯಾಕ್ ಮುಂದೆ ಇಬ್ಬರೂ ಕೂತರು. ಅವನು ಸ್ವಿಚ್ ಒತ್ತಿದ, ಅವಳು ಕೀ ಹಿಡಿದಳು. ಬಾಗಿಲುಗಳು ಬರಲಿಲ್ಲ. ಮತ್ತೆ ಮಾಡಿದರು. ಮತ್ತೆ ಇಲ್ಲ. ಬೀರುವಿನ ಮೇಲಿಂದ ನಾನು ನೋಡುತ್ತಿದ್ದೆ. ನನಗೆ ಖುಷಿಯಾಯಿತು ಎಂದರೆ ಕೆಟ್ಟದಾಗಿ ಕಾಣುತ್ತದೆ. ಆದರೂ ಆಯಿತು.

ಶುಕ್ರವಾರ ಹೊಸಪೇಟೆಯಿಂದ ನಫೀಸಾ ಬಂದಳು, ಕಂಪ್ಯೂಟರ್ ರಿಪೇರಿ ಮಾಡುವ ಹುಡುಗಿ. ಹೊಸಬರನ್ನು ತೆಗೆದು ನೋಡಿ ಹೇಳಿದಳು, “ಇವುಗಳ ಚಿಪ್ಪೇ ಬ್ಯಾರೆ, ಕಾಕಾ. ಹಳೇದರಂಗ ಎರಡು ಮನಿ ಮಾಡಾಕ ಬರಂಗಿಲ್ಲ. ಮ್ಯಾಕಿನ ಒಳಗ ಒಂದು ಖೋಲಿ ಮಾಡಿ ವಿಂಡೋಸನ್ನ ಬಾಡಿಗಿಗೆ ಇಡಬಹುದು.” ಅರ್ಧ ದಿನ ಕೂತು ಇಟ್ಟಳು ಕೂಡ. ವಿಂಡೋಸ್ ಬಂತು. ಪ್ರೋಗ್ರಾಮೂ ತೆರೆಯಿತು. ತೆರೆದದ್ದೇ ತನ್ನ ಕಂಪನಿಯ ಅಪ್ಪಣೆ ಕೇಳಿತು. ಕಂಪನಿ ಎಲ್ಲಿದೆ?

“ಹೂಂ ಅನ್ನವರ ಇಲ್ಲ ಅಲ್ಲಿ,” ಎಂದಳು ನಫೀಸಾ. “ಹಳೇ ಮ್ಯಾಕಿಗೆ ಯಾವಾಗೋ ಹೂಂ ಅಂದಾರ. ಅದರಾಗಷ್ಟ ನಡೀತೈತಿ. ಎಲ್ಲೈತಿ ಅದು?”

ಹುಲಿಗೆಮ್ಮ ಸ್ಟೂಲು ತಂದಳು. ಅಷ್ಟರಲ್ಲಿ ಮಹಾಂತಯ್ಯನವರು ಬಂದರು. “ಅದನ್ನ ಗುಜರಿ ಲಿಸ್ಟಿಗೆ ಬರದಾಗೈತಿ. ಬ್ಯಾಟರಿ ಉಬ್ಬೈತಿ, ಬೆಂಕಿ ಹತ್ತಿದ್ರ ಯಾರು ಹೊಣಿ? ಪಾಠ ಹೊಸಾವದರಾಗ ಓಡತಾವಲ್ಲ, ಇನ್ನೇನು?”

“ಓಡತಾವ್ರಿ ಸಾಹೇಬ್ರ. ಹೊಲಿದಿಟ್ಟ ಅಂಗಿ ಯಾರರ ತೊಡತಾರ. ಬಿಚ್ಚಿ ಹೊಲೀಬೇಕಂದ್ರ ಮಷಿನ್ ಬೇಕಲ್ರಿ,” ಎಂದಳು ಹುಲಿಗೆಮ್ಮ.

“ನಾಳೆ ಸಂಜೆಗೆ ಗಾಡಿ ಬರೂತನಕ ಏನರ ಮಾಡ್ಕೊರಿ,” ಎಂದು ಅವರು ಹೊರಟುಹೋದರು.

ನಫೀಸಾ ನನ್ನ ಅಡಿ ಬಿಚ್ಚಿ, ಉಬ್ಬಿದ ಬ್ಯಾಟರಿಯನ್ನು ಉಸಿರು ಬಿಗಿಹಿಡಿದು ಕಿತ್ತು, ಮರಳು ತುಂಬಿದ ಡಬ್ಬಿಯಲ್ಲಿಟ್ಟು ಒಯ್ದಳು. “ಅಕ್ಕಾ, ಇನ್ನ ಇದು ಗ್ವಾಡಿ ಕರೆಂಟಿನ ಮ್ಯಾಲಷ್ಟ ನಡೀತೈತಿ. ನಿಧಾನನೂ ಆಗತೈತಿ. ಸೇವ್ ಮಾಡ್ಕೋತ ಇರ್ರಿ,” ಎಂದು ಹೇಳಿಹೋದಳು. ನಿಧಾನ ಎಂದದ್ದು ನನಗೆ ಹಿಡಿಸಲಿಲ್ಲ. ನಿಜವಾದ ಮಾತು, ಏನು ಮಾಡಲಿ.

ಶನಿವಾರ ಏಳನೇ ಪಾಠ ಬಿಚ್ಚಿದರು. ಚಿತ್ರದಲ್ಲಿ ಎರಡನೇ ರಾಡ್ ಬರೆದಳು. ಅವನು ಹೊಸದಾಗಿ ದನಿ ಕೊಟ್ಟ. ‘ಎರಡೂ ಕಡೆ’ ಎನ್ನುವಲ್ಲಿ ತಡವರಿಸಿ ಎರಡು ಸಲ ನಿಲ್ಲಿಸಿದ. “ಹುಡುಗರನ್ನ ಬೈಯೋ ಮುಂದ ತಡವರಿಸಂಗಿಲ್ಲಲ್ಲ ನೀವು,” ಎಂದಳು ಅವಳು. ಅವನು ನಕ್ಕ. ಮೂರನೇ ಸಲ ಸರಿಯಾಯಿತು. ಅವಳು ಸೇವ್ ಮಾಡಲು ಕೈ ಎತ್ತಿದಳು. ಕರೆಂಟು ಹೋಯಿತು.

ಬ್ಯಾಟರಿ ಇಲ್ಲದ ನಾನು ಆ ಕ್ಷಣಕ್ಕೇ ಕಪ್ಪಾದೆ. ಬೆಳಗಿನಿಂದ ಮಾಡಿದ್ದೆಲ್ಲ ಹೋಯಿತು. ಆದರೆ ಪರದೆ ಆರಿದ ಮಾತ್ರಕ್ಕೆ ನನ್ನ ಕಣ್ಣು, ಕಿವಿ ಆರುವುದಿಲ್ಲ. ನಾನು ಎಲ್ಲವನ್ನೂ ನೋಡಿದೆ, ಕೇಳಿಸಿಕೊಂಡೆ.

“ಅದಕ್ಕ ಯಾಕ ಮುಖ ಸಣ್ಣದು ಮಾಡತೀರಿ?” ಮಹಾಂತಯ್ಯನವರ ದನಿ. “ದಾನಿಗಳು ಬರತಾರಂತ ನಿನ್ನೇನ ಜನರೇಟರ್ ತರಿಸೀನಿ. ಹಚ್ಚಿಸ್ತೀನಿ ತಡೀರಿ.”

ಯಮನೂರಪ್ಪನ ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿತು. “ಹಚ್ಚಬ್ಯಾಡ್ರಿ. ಕಂಬದ ಮ್ಯಾಲೆ ಯಾರದಾರ?”

“ಯಾವ ಕಂಬರಿ?”

“ಕರೆಂಟು ತಗದಾರಂದ್ರ ಯಾರೋ ಹತ್ಯಾರ. ಮೊದಲ ಹೋಗಿ ನಿಮ್ಮ ಜನರೇಟರ್ ಹೆಂಗ ಜೋಡಿಸ್ಯಾರ ನೋಡೂಣ ನಡೀರಿ.”

ಜನರೇಟರ್ ಇದ್ದದ್ದು ನನ್ನ ಕಿಟಕಿಯ ಹೊರಗೇ. ಅದರಿಂದ ಒಂದು ವೈರು ಎಳೆದು ಸಭಾಂಗಣದ ಗೋಡೆಯ ಸಾಕೆಟ್ಟಿಗೆ ಚುಚ್ಚಿದ್ದರು. ಲೈನಿನ ಕರೆಂಟನ್ನು ಬೇರೆ ಮಾಡುವ ಸ್ವಿಚ್ ಇರಲಿಲ್ಲ. ಮೇನ್ ಸ್ವಿಚ್ಚನ್ನೂ ಆರಿಸಿರಲಿಲ್ಲ. ಚಾಲೂ ಮಾಡಿದ್ದರೆ ಅದರ ಕರೆಂಟು ಮೀಟರು ದಾಟಿ ಸೀದಾ ಕಂಬಕ್ಕೆ ಹೋಗುತ್ತಿತ್ತು. ಕಂಬ ದೂರವಿರಲಿಲ್ಲ. ಕಾಂಪೌಂಡಿನ ಹಿಂದೆ ಒಬ್ಬ ಲೈನ್‌ಮನ್ ಬೆಲ್ಟ್ ಬಿಗಿದು ತಂತಿಗೆ ಕೈ ಹಾಕಿ ನಿಂತಿದ್ದ.

ಯಮನೂರಪ್ಪ ಅವನನ್ನು ಕೂಗಿ ಕೇಳಿದ, “ಎಷ್ಟು ರಾಡ್ ಹಾಕೀಯಪಾ?”

“ಒಂದು ಹಾಕೀನ್ರಿ ಸರ್. ನೀವ ಕಲಿಸೀರಲ್ರಿ,” ಎಂದು ಮೇಲಿನಿಂದ ಉತ್ತರ ಬಂತು, ನಗುವಿನ ದನಿಯಲ್ಲಿ.

ಸಭಾಂಗಣದ ಕಡೆ ಯಾರೋ ಓಡಿದ ಹೆಜ್ಜೆ ಕೇಳಿತು. ಆಮೇಲೆ ವೈರು ಕಿತ್ತ ಸದ್ದು ಬಂತು. ಕಿತ್ತವರು ಮಹಾಂತಯ್ಯನವರೇ.

ಕರೆಂಟು ಬರಲು ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಗಂಡ ಹೆಂಡತಿ ನನ್ನ ಮುಂದೆ ಕೂತಿದ್ದರು. ಬೇಗ ಕೊಡಿ ಎಂದು ಅವರು ಯಾರಿಗೂ ಫೋನು ಮಾಡಲಿಲ್ಲ. ನಡುವೆ ಗುಜರಿ ಗಾಡಿ ಬಂತು. ಗಾಡಿಯವನು ಪಟ್ಟಿ ಹಿಡಿದು ಒಳಗೆ ಬಂದು, ನನ್ನ ಬೆನ್ನು ಓದಿ, “ಇದೂ ಐತಲ್ರಿ?” ಎಂದು ಕೈ ಚಾಚಿದ.

“ಅದರ ಕೆಲಸ ಐತಿ,” ಎಂದರು ಮಹಾಂತಯ್ಯನವರು ಬಾಗಿಲಲ್ಲಿ ನಿಂತು. “ಉಳದದ್ದು ತಗೊಂಡು ನಡಿ.”

“ಮ್ಯಾಲೆ ಬರದೈತಲ್ರಿ, ಗುಜರಿ ಅಂತ.”

“ಬರದಾವ ನಾನ. ನಡಿ ನೀ.”

ಕರೆಂಟು ಬಂದಾಗ ಕಂಬದವನು ಇಳಿದು, ನಲ್ಲಿಯಲ್ಲಿ ಕೈ ತೊಳೆದು, ಹುಲಿಗೆಮ್ಮ ಕೊಟ್ಟ ಚಹಾ ಕುಡಿಯುತ್ತಿದ್ದ. ಯಮನೂರಪ್ಪ ಸ್ವಿಚ್ ಒತ್ತಿದ, ಅವಳು ಕೀ ಹಿಡಿದಳು. ನಾನು ಎರಡೂ ಬಾಗಿಲು ತೋರಿಸಿದೆ. ಬೆಳಗಿನ ಕೆಲಸದ ಒಂದು ಗೆರೆಯೂ ಉಳಿದಿರಲಿಲ್ಲ. ಅವಳು ಗಂಡನ ಕಡೆ ತಿರುಗಿ ಅವನದೇ ದನಿಯಲ್ಲಿ ಹೇಳಿದಳು, “ಕೆಳಗಿಳಿ. ಮೊದಲಿಂದ ಹತ್ತು.”

ಮೊದಲಿಂದ ಹತ್ತಿದರು. ನಾನು ನಿಧಾನವಾಗಿದ್ದೆ, ಅವಳಿಗೆ ಅವಸರವಿರಲಿಲ್ಲ. ಈ ಸಲ ಪಾಠಕ್ಕೆ ಒಂದು ಫೋಟೊ ಹೆಚ್ಚಿಗೆ ಸೇರಿತು. ನಮ್ಮದೇ ಜನರೇಟರು, ನಮ್ಮದೇ ಗೋಡೆ, ಸಾಕೆಟ್ಟಿಗೆ ಚುಚ್ಚಿದ ಆ ವೈರು. ಸಾಕೆಟ್ಟಿನ ಸ್ವಿಚ್ ಆರಿಸಿ, ತೋರಿಸುವುದಕ್ಕೆಂದೇ ಮತ್ತೊಮ್ಮೆ ಚುಚ್ಚಿ, ಅದರ ಪಕ್ಕ ನಿಂತವರು ಮಹಾಂತಯ್ಯನವರು. “ನನ್ನ ಮುಖಾನೂ ಬರಲಿ. ದಾನಿಗಳೂ ನೋಡಲಿ,” ಎಂದರು. ಅವರನ್ನು ನಾನು ಅಂಚಿಗೆ ಸರಿಸಲಿಲ್ಲ.

ಸೋಮವಾರ ಪಾಠ ಹೊಸ ಮ್ಯಾಕ್‌ಗಳಲ್ಲೇ ಓಡಿತು. ಚಂದವಾಗಿಯೇ ಓಡಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ತೋರಿಸಲು ಅವರಿದ್ದಾರೆ, ತಿದ್ದಲು ನಾನೇ ಬೇಕು. ನಾನೂ ಶಾಶ್ವತವಲ್ಲ, ಗೊತ್ತು. ಪಾಠಗಳನ್ನು ಬೇರೊಂದು ಪ್ರೋಗ್ರಾಮಿನಲ್ಲಿ ಹೊಸದಾಗಿ ಕಟ್ಟಲು ಹುಲಿಗೆಮ್ಮ ಶುರು ಮಾಡಿದ್ದಾಳೆ. ದಿನಕ್ಕೊಂದು ಪುಟ, ಬೆರಳಿಟ್ಟು ಓದಿ. ಹನ್ನೆರಡೂ ಮುಗಿಯುವ ತನಕ ನಾನು ಕೆಡುವುದಿಲ್ಲ. ಇದು ನನ್ನ ಹಟ.

ಬೆನ್ನ ಮೇಲಿನ ಅಕ್ಷರವನ್ನು ಸ್ಪಿರಿಟ್ ಹಚ್ಚಿ ಅಳಿಸಲು ಮಹಾಂತಯ್ಯನವರು ಬಂದಿದ್ದರು. “ಇರಲಿ ಬಿಡ್ರಿ ಸಾಹೇಬ್ರ, ಅದನ್ನ ನೋಡಿ ಯಾರೂ ಕದಿಯಂಗಿಲ್ಲ,” ಎಂದಳು ಹುಲಿಗೆಮ್ಮ. ಹಾಗೇ ಇದೆ.

ಆ ಸೋಮವಾರ ಎತ್ತರದ ಹುಡುಗನೊಬ್ಬ ಏಳನೇ ಪಾಠದಲ್ಲಿ ಎರಡು ಸಲ ತಪ್ಪಿದ. ಎರಡು ಸಲವೂ ಯಮನೂರಪ್ಪನ ದನಿ ಅವನನ್ನು ಕೆಳಗಿಳಿಸಿತು. ಮೂರನೇ ಸಲ ಅವನು ಎರಡೂ ಕಡೆ ರಾಡ್ ಇಟ್ಟ. ವಾರ ಕಳೆದ ಮೇಲೆ ಎಲ್ಲರೂ ಅಂಗಳದ ಕಂಬ ಹತ್ತಿದರು. ಕಿಟಕಿಯ ಪಕ್ಕದ ಮೂಲೆಯಿಂದ ನಾನು ಎಣಿಸುತ್ತಿದ್ದೆ. ಹತ್ತಿದವರು ನಲವತ್ತು. ಇಳಿದು ಬಂದವರೂ ನಲವತ್ತು.