ಕಿವಿಯ ಹಿಂದಿನ ಗುಂಡಿ

ಶಹನಾಝಳ ಒದ್ದೆ ಕೂದಲನ್ನು ಮೂರು ಜಡೆ ಹೆಣೆಯಲೆಂದು ಪಾಲು ಮಾಡುತ್ತಿದ್ದ ನಬೀಸುಮ್ಮನ ಕೈ ಎಡಗಿವಿಯ ಹಿಂದೆ ಬಂದು ಗಕ್ಕನೆ ನಿಂತಿತು.

"ಇದೆಂತ ನಝೀರಾ, ಇಲ್ಲೊಂದು ಗಂಟು?"

"ಗಂಟಲ್ಲ, ಅವಳ ಗುಂಡಿ," ಎಂದಳು ನಝೀರಾ. "ತಂಗಿಗೆ ತಲೆಯೊಳಗೆ ನೀರು ತುಂಬುವ ಕಾಯಿಲೆಯಲ್ವಾ. ಅದು ಇಳಿದುಹೋಗ್ಲಿಕ್ಕೆ ಹೊಟ್ಟೆವರೆಗೆ ಟ್ಯೂಬ್ ಉಂಟು. ಶಂಟ್ ಅಂತ ಹೇಳ್ತಾರೆ. ಮೂರು ತಿಂಗಳ ಮಗುವಿದ್ದಾಗ ಹಾಕಿದ್ದು."

ನಬೀಸುಮ್ಮ ಮಸ್ಕತ್ ಹತ್ತಿರದ ಅಲ್ ಮಬೇಲಾದಲ್ಲಿ ಹದಿನೆಂಟು ವರ್ಷಗಳಿಂದ ಸತ್ತ ಹೆಂಗಸರ ಮಯ್ಯಿತ್ ಮೀಯಿಸುತ್ತ ಬಂದವರು, ಬೇಕಾದಷ್ಟು ಕಂಡವರು. ಆದರೂ ಕತ್ತಿನ ಪಕ್ಕದಲ್ಲಿ ಚರ್ಮದಡಿ ಇಳಿದುಹೋಗಿದ್ದ ಆ ಗೆರೆಯನ್ನು ನೋಡಿ ಮೆಲ್ಲಗೆ ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳಿಕೊಂಡರು.

ನಲ್ಲಿ ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಆದರೂ ಆ ಸ್ನಾನದ ಕೋಣೆಯಲ್ಲಿ ಎಲ್ಲೋ ನೀರು ಸಣ್ಣಗೆ ಇಳಿಯುತ್ತಿತ್ತು. ಚಿಕ್ಕಂದಿನಿಂದ ಶಹನಾಝ್ ಹೇಳುತ್ತಿದ್ದದ್ದು ಇದೇ ಸದ್ದು. "ಅಕ್ಕ, ಇಲ್ಲಿ ಕಿವಿ ಇಟ್ಟು ಕೇಳು, ಇಳೀತಾ ಉಂಟು." ಎಷ್ಟು ಸಲ ಕಿವಿ ಇಟ್ಟರೂ ನಝೀರಾಳಿಗೆ ಏನೂ ಕೇಳಿಸಿರಲಿಲ್ಲ. ಇವತ್ತು ಕೇಳಿಸುತ್ತಿತ್ತು.

* * *

ಗುಂಡಿ ಒತ್ತುವುದನ್ನು ಕಲಿಸಿದ್ದು ಉಮ್ಮ. ಊರಿನಲ್ಲಿ ಯಾವುದೋ ಕಾಲದ ಡಾಕ್ಟರೊಬ್ಬರು ತೋರಿಸಿಕೊಟ್ಟಿದ್ದರಂತೆ: ಒತ್ತಿದರೆ ತಗ್ಗಬೇಕು, ಬಿಟ್ಟರೆ ಮೇಲೆ ಬರಬೇಕು, ಬಂದರೆ ಟ್ಯೂಬ್ ಸರಿಯಿದೆ ಎಂದರ್ಥ. ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ಉಮ್ಮ ಅದನ್ನು ಒತ್ತಿ ನೋಡುತ್ತಿದ್ದರು. ಸಾಯುವಾಗ ನಝೀರಾಳ ಕೈ ಹಿಡಿದು ಹೇಳಿದ್ದೂ ಅದನ್ನೇ. "ಅವಳ ಗುಂಡಿ ನೋಡಿಕೋ ಮಗಳೇ."

ಮಸ್ಕತ್‌ನ ಡಾಕ್ಟರು ಅದನ್ನು ನಂಬಿ ಕೂರಬೇಡಿ, ನೋವು ಹೆಚ್ಚಾದರೆ ಕೂಡಲೇ ಕರೆದುಕೊಂಡು ಬನ್ನಿ ಎಂದಿದ್ದರು. ನಝೀರಾ ತಲೆಯಾಡಿಸಿ ಬಂದಿದ್ದಳು. ಉಮ್ಮನ ಮಾತಿನ ಮುಂದೆ ಡಾಕ್ಟರ ಮಾತು ಯಾವ ಲೆಕ್ಕ?

ಶಹನಾಝ್ ಸೋಫಾದ ಮೂಲೆಯಲ್ಲಿ ಕೂತು ಅಬಾಯಗಳಿಗೆ ಮಣಿ ಹೊಲಿಯುವವಳು. ನೋವು ಬಂದರೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕಣ್ಣು ಮುಚ್ಚುವಳು, ಬಿಟ್ಟರೆ ಮತ್ತೆ ಸೂಜಿ ಎತ್ತುವಳು. ಐದು ಆಪರೇಷನ್ ಆದರೂ ಅತ್ತು ರಂಪ ಮಾಡಿದವಳಲ್ಲ. ಅತ್ತಿದ್ದರೆ ಮನೆಯವರು ಎದ್ದು ಓಡುತ್ತಿದ್ದರೋ ಏನೋ, ಪಾಪದ ಹುಡುಗಿ.

ಮೊನ್ನೆ ಬುಧವಾರ ಮಧ್ಯಾಹ್ನ ಸೀಬ್‌ನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥದ ಊಟ. ಕೆಳಗೆ ನಝೀರಾಳ ಗಂಡ ಮುಸ್ತಫಾ ಕಾರಿನ ಹಾರ್ನ್ ಒತ್ತುತ್ತಿದ್ದ.

"ಅಕ್ಕ, ಇವತ್ತಿನ ನೋವು ಬೇರೆ."

ನಝೀರಾ ಶಾಲಿನ ಪಿನ್ ಕಚ್ಚಿಕೊಂಡೇ ತಂಗಿಯ ಕಿವಿಯ ಹಿಂದೆ ಹೆಬ್ಬೆರಳು ಒತ್ತಿದಳು. ಗುಂಡಿ ತಗ್ಗಿತು, ಮೇಲೆ ಬಂತು.

"ಸರಿಯೇ ಉಂಟಲ್ಲ ಮಾರಾಯ್ತಿ. ಮಾತ್ರೆ ತಗೊಂಡು ಮಲಗು."

"ಗುಂಡಿಯನ್ನು ಕೇಳ್ಬೇಡ ಅಕ್ಕ. ನನ್ನನ್ನು ಕೇಳು."

"ಬಂದು ಕೇಳ್ತೇನೆ."

ಬಂದಾಗ ಶಹನಾಝ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಕೆಡಿಸುವುದು ಬೇಡವೆಂದು ನಝೀರಾ ಹಾಗೇ ಬಿಟ್ಟಳು. ಸಂಜೆ ಚಹಾಕ್ಕೆ ಕರೆದರೆ ಏಳಲಿಲ್ಲ.

* * *

"ಟ್ಯೂಬ್ ಒಳಗೆ ಕಟ್ಟಿಕೊಂಡಿತ್ತಂತೆ. ಆಸ್ಪತ್ರೆಯವರಿಗೆ ಎಂತ ಗೊತ್ತು?" ಸ್ನಾನದ ಕೋಣೆಯಲ್ಲಿ ನಝೀರಾ ಹೇಳುತ್ತಿದ್ದಳು. "ನಾನೇ ನೋಡಿ ಹೋದದ್ದು ನಬೀಸುಮ್ಮ. ಮೇಲೆ ಬಂದಿತ್ತು. ಸರಿಯಿತ್ತು."

ಎರಡು ದಿನಗಳಿಂದ ಆ ಒಂದು ಮಾತನ್ನೇ ಹಿಡಿದುಕೊಂಡು ಅವಳು ನಿಂತಿದ್ದಳು. ಹೇಳುತ್ತ ಹೇಳುತ್ತ, ಅಭ್ಯಾಸಬಲದಿಂದ, ಹೆಬ್ಬೆರಳು ತಂಗಿಯ ಕಿವಿಯ ಹಿಂದೆ ಹೋಗಿ ಒತ್ತಿತು.

ತಗ್ಗಿತು. ಆಮೇಲೆ ಮೆಲ್ಲಗೆ, ಬೆರಳನ್ನು ಒಳಗಿನಿಂದ ಯಾರೋ ನೂಕಿದ ಹಾಗೆ, ಮೇಲೆ ಬಂತು.

"ಬಂತು!" ನಝೀರಾ ಚೀರಿದಳು. "ನಬೀಸುಮ್ಮ, ಮೇಲೆ ಬಂತು! ಜೀವ ಉಂಟು ಇವಳಿಗೆ!"

ನಬೀಸುಮ್ಮನ ಮುಖ ಬಿಳಿಚಿತು. ಅವರು ಬಗ್ಗಿ ಎದೆಯ ಮೇಲೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ಇದ್ದರು. ಕೋಣೆಯಲ್ಲಿ ನೀರಿಳಿಯುವ ಸದ್ದೊಂದೇ ಕೇಳುತ್ತಿತ್ತು.

"ಇಲ್ಲ ಮಗಳೇ," ಎಂದರು ಕೊನೆಗೆ. "ತಣ್ಣಗಾಗಿದೆ. ಅದು ರಬ್ಬರ್ ಅಲ್ವಾ, ಒತ್ತಿದರೆ ಬರ್ತದೆ."

ನಝೀರಾ ಇನ್ನೊಮ್ಮೆ ಒತ್ತಿದಳು. ಬಂತು. ಮತ್ತೂ ಒಮ್ಮೆ. ಬಂತು. ಬುಧವಾರ ಹೇಗೆ ಬಂದಿತ್ತೋ ಹಾಗೆಯೇ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ. ಸುಟ್ಟುಕೊಂಡವಳಂತೆ ಅವಳು ಕೈ ಎಳೆದುಕೊಂಡಳು.

ನಬೀಸುಮ್ಮ ಮೂರು ಜಡೆ ಹೆಣೆದು ಬೆನ್ನ ಹಿಂದೆ ಇಳಿಬಿಟ್ಟರು. ಮೈಗೆ ಕರ್ಪೂರದ ಪುಡಿ ಸವರಿ, ಬಿಳಿ ಬಟ್ಟೆಯ ಕಫನ್ ಸುತ್ತಿದರು. ಹೊರಗಿನಿಂದ ಮುಸ್ತಫಾ ಬಾಗಿಲು ತಟ್ಟಿದ.

"ಖಲಾಸಾ? ವ್ಯಾನಿನವ ಕಾಯ್ತಾ ಇದ್ದಾನೆ."

"ಒಂದು ನಿಮಿಷ," ಎಂದು ನಬೀಸುಮ್ಮ ಮುಖದ ಮೇಲಿನ ಬಟ್ಟೆ ಸರಿಸಿದರು. "ನೋಡಿಬಿಡು ಮಗಳೇ."

ನಝೀರಾಳ ಕೈ ಈ ಸಲ ಕಿವಿಯ ಹಿಂದೆ ಹೋಗಲಿಲ್ಲ. ತಂಗಿಯ ಹಣೆಯ ಮೇಲೆ ಅಂಗೈ ಇಟ್ಟು, ಬಗ್ಗಿ ಕೇಳಿದಳು.

"ಶಹನಾ, ನೋವು ಹೇಗುಂಟು?"

ಕೇಳಿ, ಕಿವಿಯನ್ನು ಅವಳ ತುಟಿಯ ಹತ್ತಿರ ಹಿಡಿದು ನಿಂತಳು. ನೀರಿನ ಸದ್ದು ನಿಂತುಹೋಗಿತ್ತು. ಕಫನಿನ ತುದಿ ಕಟ್ಟುವ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಬೀಸುಮ್ಮನೂ ಕಾದರು.