ಚಿಕ್ಕನಿಂಗಮ್ಮನವರ ಪೆನ್ಸಿಲ್ ಚುಕ್ಕೆ

ಚಿಕ್ಕನಿಂಗಮ್ಮ ಮೇಡಂ ಅವರ ತುರುಬಿನಲ್ಲಿ ಹೂವಿಗಿಂತ ಹೆಚ್ಚು ದಿನ ಇದ್ದದ್ದು ಒಂದು ಮೋಟು ಪೆನ್ಸಿಲ್. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೊಡನೆ ಅವರ ಬಲಗೈ ತಾನಾಗಿ ತುರುಬಿಗೆ ಹೋಗುತ್ತಿತ್ತು. ಸರಿಯುತ್ತರಕ್ಕೆ ಎಲ್ಲರಂತೆ ಕೆಂಪು ಶಾಯಿಯ ಗುರುತು. ತಪ್ಪೆಂದು ಕಂಡದ್ದಕ್ಕೆ ಮಾತ್ರ ಪೆನ್ಸಿಲ್ಲಿನ ಒಂದು ಸಣ್ಣ ಚುಕ್ಕೆ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಚುಕ್ಕೆ ಬಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ಜಗಲಿಗೆ ಕರೆದು, “ಯಾನ ನೆನಸ್ಕಂಡು ಇಂಗೆ ಬರ್ದೆ, ಯೋಳು” ಎನ್ನುವರು. ಅಂಕ ಬೀಳುತ್ತಿದ್ದದ್ದು ಆಮೇಲೆಯೇ.

ಮೇಡಂ ಅವರ ಊರು ಹರವೆಯಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಕಾಡಂಚಿನ ನಮ್ಮ ಶಾಲೆಗೆ ಇನ್ನೊಂದು. ಸೀರೆಯ ಮೇಲೆ ಗಂಡನ ಹಳೆಯ ಕಂದು ಕೋಟು, ಅದರ ಜೇಬಿನಲ್ಲಿ ಲೆಕ್ಕ ಕಲಿಸುವ ಹುಣಸೆಬೀಜ. ಎಡಗಾಲನ್ನು ಕೊಂಚ ಎಳೆದು ನಡೆಯುತ್ತಿದ್ದುದರಿಂದ ಅವರಿಗಿಂತ ಮೊದಲು ಅವರ ಚಪ್ಪಲಿಯ ಸದ್ದು ಶಾಲೆಗೆ ಬರುತ್ತಿತ್ತು. ನಮ್ಮಲ್ಲಿ ರೈತರ ಮಕ್ಕಳಿದ್ದರು, ಶುಂಠಿ ಹೊಲಗಳಿಗೆ ಬಂದ ಮಲಯಾಳಿಗಳ ಮಕ್ಕಳಿದ್ದರು, ಮನೆಯಲ್ಲಿ ತಮಿಳಾಡುವವರಿದ್ದರು, ಆನೆ ಶಿಬಿರದ ಜೇನುಕುರುಬರ ಮಕ್ಕಳಿದ್ದರು. ಎಲ್ಲರ ಕೈಗೂ ಮೇಲಿನಿಂದ ಅಚ್ಚಾಗಿ ಬಂದ ಒಂದೇ ಪ್ರಶ್ನೆಪತ್ರಿಕೆ.

ವ್ಯಾಕರಣ ಕಲಿಸುತ್ತಿದ್ದ ನಾನು ಕೆಂಪು ಶಾಯಿಯ ಮನುಷ್ಯ. ಬರೆದದ್ದೇ ಉತ್ತರವೆಂದು ನಂಬಿದವನು.

“ನಿಮ್ಮದು ಪರೀಕ್ಷೆಯಲ್ಲ ಮೇಡಂ, ಪಂಚಾಯ್ತಿ” ಎಂದು ಒಮ್ಮೆ ಹಂಗಿಸಿದೆ.

“ಆಗ್ಲಿ ಬುಡಿ ಮೇಷ್ಟ್ರೇ. ಪಂಚಾಯ್ತೀಲಾದ್ರೆ ಇಬ್ಬರ ಮಾತೂ ಕೇಳ್ತಾರೆ.”

ಆರು ವರ್ಷದ ಹಿಂದೆ, ಮುಖ್ಯೋಪಾಧ್ಯಾಯರ ಹೊಣೆ ನನ್ನ ಮೇಲಿದ್ದಾಗ, ನಿಧಾನ ಕಲಿಕೆಯವರ ಪಟ್ಟಿ ತಯಾರಿಸಿದೆ. ಅದರಲ್ಲಿ ಹೆಸರಿದ್ದವರು ಒಂದನೆಯ ತರಗತಿಯ ಮಕ್ಕಳೊಡನೆ ಕೂರಬೇಕು. ಮೊದಲ ಹೆಸರು ಮೂರನೆಯ ತರಗತಿಯ ಸಿಂಧುವಿನದು. ಅವಳ ತಂದೆ ಮಾದೇಶ್ ಶಿಬಿರದಲ್ಲಿ ಮಾವುತ. ಸುದ್ದಿ ತಿಳಿದು ಬಂದವನು ಬಾಗಿಲಲ್ಲೇ ನಿಂತು ಹೇಳಿದ: “ಚಿಕ್ಕ ಐಕಳ ಜೊತೆ ಕೂರ್ಸುದ್ರೆ ಸ್ಕೂಲಿಗೇ ಬರಲ್ಲ ಅಂತಾಳೆ ಸಾ. ನಾನು ಬಲವಂತ ಮಾಡಾಕಿಲ್ಲ.”

ಅವನು ಹೋದ ಮೇಲೆ ಮೇಡಂ ಸಿಂಧುವಿನ ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟರು. ಹನ್ನೊಂದು ಚುಕ್ಕೆಗಳಿದ್ದವು. “ಇವನ್ನಿನ್ನೂ ಕೇಳಿಲ್ಲ. ನಾಳೆ ನೀವೂ ಕೂತ್ಕಳಿ.”

ಕೂತೆ. ಹಸು, ಆಡು, ಕೋಳಿ, ಆನೆ. ಗುಂಪಿಗೆ ಸೇರದ್ದನ್ನು ಗುರುತಿಸಿ ಎಂಬ ಪ್ರಶ್ನೆಗೆ ಬರಬೇಕಾದ ಉತ್ತರ ಆನೆ; ಹುಡುಗಿ ಆಡಿಗೆ ಸುತ್ತು ಹಾಕಿದ್ದಳು.

“ಆಡು ಯಾಕಮ್ಮಿ?”

“ನಮ್ಮ ತಾವ ಆಡಿಲ್ಲ ಮಿಸ್ಸು. ಸಾಕುದ್ರೆ ಚಿರತೆ ಎತ್ಕಂಡೋಯ್ತದೆ.”

“ಮತ್ತೆ ಆನೆ?”

ಅವಳು ತಲೆಯೆತ್ತಿ, ನಿಧಾನ ಕಲಿಕೆಯವರು ನಾವಿಬ್ಬರೇ ಎಂಬಂತೆ ನಮ್ಮನ್ನು ನೋಡಿದಳು. “ಆನೆ ಮನೇದಲ್ವಾ. ಅಪ್ಪ ದಿನಾ ಮುದ್ದೆ ತಿನ್ಸ್ತದೆ. ಮೈ ತೊಳ್ಯಕೆ ನಾನೂ ಓಯ್ತೀನಿ.”

ಮೇಡಂ ನಗಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ರಬ್ಬರ್ ತೆಗೆದು ಆ ಚುಕ್ಕೆಯನ್ನು ಅಳಿಸಿ ಮುಂದಿನದಕ್ಕೆ ಹೋದರು. ಹನ್ನೊಂದರಲ್ಲಿ ಏಳು ಅಳಿಸಿಹೋದವು. ಉಳಿದ ನಾಲ್ಕನ್ನು ತೋರಿಸಿ, “ಇವು ತಪ್ಪೇ ಕಣಮ್ಮಿ, ಕಲೀಬೇಕು” ಎಂದರು. ಕರುಣೆಗೆಂದು ಅರ್ಧ ಅಂಕವನ್ನೂ ಸೇರಿಸಲಿಲ್ಲ. ನಾನು ಒಳಗೆ ಹೋಗಿ, ಅದೇ ಕೆಂಪು ಶಾಯಿಯಿಂದ ಪಟ್ಟಿಯ ಮೊದಲ ಹೆಸರನ್ನು ಹೊಡೆದುಹಾಕಿದೆ. ಸಿಂಧು ತನ್ನ ತರಗತಿಯಲ್ಲೇ ಕೂತಳು.

ಮೇಡಂ ತೀರಿಕೊಂಡು ಎರಡು ವರ್ಷವಾಯಿತು. ನಿವೃತ್ತನಾಗಿ ನೆಲೆಸಿರುವ ಚಾಮರಾಜನಗರದ ನನ್ನ ಮನೆಯ ಮುಂದೆ ಬೆಳಗ್ಗೆ ಯಾರಾದರೂ ಕಾಲೆಳೆದು ನಡೆದರೆ ಇಂದಿಗೂ ದಿನಪತ್ರಿಕೆ ಮಡಿಸಿ ಎದ್ದು ನೋಡುತ್ತೇನೆ. ಮೂವತ್ತನಾಲ್ಕು ವರ್ಷ ನಾನು ಕತ್ತರಿ ಗುರುತು ಹಾಕಿದ ಮಕ್ಕಳು ನೆನಪಾಗುತ್ತಾರೆ. ಅವರನ್ನೆಲ್ಲ ಒಬ್ಬೊಬ್ಬರಾಗಿ ಜಗಲಿಗೆ ಕರೆದು, ಏನು ನೆನೆದು ಹಾಗೆ ಬರೆದೆಯಪ್ಪಾ ಎಂದು ಕೇಳುವ ಆಸೆ. ಅವರೀಗ ಎಲ್ಲೆಲ್ಲಿದ್ದಾರೋ, ಬರೆದದ್ದು ಅವರಿಗೂ ಮರೆತಿರಬಹುದು.

ಮಕ್ಕಳನ್ನು ಪ್ರೀತಿಸುವ ಮೇಷ್ಟರುಗಳು ಬೇಕಾದಷ್ಟು ಜನ ಇದ್ದಾರೆ, ನಾನೂ ಪ್ರೀತಿಸಿದವನೇ. ತಮ್ಮ ತೀರ್ಪನ್ನು ಮರುದಿನದ ಬೆಳಗಿನವರೆಗೆ ತಡೆದಿಟ್ಟುಕೊಳ್ಳಬಲ್ಲವರು ಮಾತ್ರ ವಿರಳ. ಅಂಥವರು ಬಿಟ್ಟುಹೋದ ಶಾಲೆಯಲ್ಲಿ ಜಗಲಿ ಇರುತ್ತದೆ, ಹೇಳಲು ಮಾತಿರುವ ಮಗುವೂ ಇರುತ್ತದೆ; ಕರೆದು ಕೇಳುವವರು ಇರುವುದಿಲ್ಲ.